ಡಬ್ಬಿಯ ತಳದ ಎಲೆ

"ಅದರಾಗ ಕೈ ಹಾಕತೀರೇನ್ರಿ? ಖರೇನ?" ಇಂದ್ರವ್ವ ಮೂಗಿಗೆ ಸೆರಗು ಒತ್ತಿಕೊಂಡು ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು. "ಹಾಕ್ರಿ. ಆದರ ಆಮ್ಯಾಲೆ ಆ ಕೈಲೆ ನನ್ನ ಮನಿ ಕದ ಮುಟ್ಟಬ್ಯಾಡ್ರಿ ಮತ್ತ."

ಶಿವಗಂಗವ್ವ ಬಳೆಗಳನ್ನು ಮೊಣಕೈಯವರೆಗೆ ಏರಿಸಿ ತಗಡಿನ ಡಬ್ಬಿಯೊಳಗೆ ಕೈ ಇಳಿಸಿದಳು. ಮೇಲಿನ ಪದರ ಗಟ್ಟಿಯಾಗಿತ್ತು. ಒಳಗೆ ಹೋದಂತೆ ಬೆರಳಿಗೆ ಅಂಟು ಅಂಟಾದ, ಜೀವ ಕಳೆದುಕೊಂಡಂಥ ಜಿಡ್ಡು ಹತ್ತಿತು. ಎಮ್ಮೆಯ ತುಪ್ಪಕ್ಕೆ ಇರಬೇಕಾದ ಹರಳು ಎಲ್ಲಿಯೂ ಇಲ್ಲ.

ಡಬ್ಬಿಯ ಹೊರಗೆ ಮಾತ್ರ ಚೀಟಿ ಇನ್ನೂ ಹೊಸದರಂತೆ ಮಿಂಚುತ್ತಿತ್ತು. ಕುಂಕುಮ ಹಚ್ಚಿ, ಕೈತುಂಬ ಬಳೆ ತೊಟ್ಟು, ಕಡಗೋಲು ಹಿಡಿದು ನಗುತ್ತಿರುವ ಒಬ್ಬ ಹೆಣ್ಣುಮಗಳ ಚಿತ್ರ. ಕೆಳಗೆ ದಪ್ಪ ಅಕ್ಷರ: "ಮಮದಾಪುರದ ಕಾಶೆವ್ವನ ಮನೆ ತುಪ್ಪ. ಶುದ್ಧ ಎಮ್ಮೆಯ ಬೆಣ್ಣೆಯಿಂದ ಕಾಯಿಸಿದ್ದು. ಬೇರೇನೂ ಬೆರೆಸಿಲ್ಲವೆಂದು ಖಾತ್ರಿ."

ಆ ಖಾತ್ರಿಯನ್ನು ನಂಬಿ ಇಂದ್ರವ್ವ ಬಸುರಿ ಸೊಸೆಯ ಕುಬಸಕ್ಕೆ ಎರಡು ಡಬ್ಬಿ ತರಿಸಿ, ಹುಕ್ಕೇರಿಯ ಅರ್ಧ ಊರಿಗೆ ಹೋಳಿಗೆಯ ಮೇಲೆ ಸುರಿದಿದ್ದಳು. ಪುಣೆಯಿಂದ ಪರೀಕ್ಷೆಯ ವರದಿ ಬಂದಾಗ ಅದರಲ್ಲಿ ಅರ್ಧ ಪ್ರಾಣಿಯ ಕೊಬ್ಬು. ಉಳಿದದ್ದರಲ್ಲಿ ಒಂದು ಡಬ್ಬಿ ಈಗ ಗೋಕಾಕದ ಕೋರ್ಟಿನಲ್ಲಿ ಮೊಹರು ಬಿದ್ದು ಕುಳಿತಿದೆ; ಇನ್ನೊಂದು ಇಲ್ಲಿ, ಎಮ್ಮೆಗಳ ಪಕ್ಕದಲ್ಲಿ.

"ನನಗ ರೊಕ್ಕ ಬ್ಯಾಡ್ರಿ," ಎಂದಳು ಇಂದ್ರವ್ವ. "ಕುಬಸಕ್ಕ ಬಂದಿದ್ದ ಅಯ್ಯನವರು ನಮ್ಮ ಮನಿ ಪ್ರಸಾದ ಬಿಟ್ಟಾರ. ಸೊಸಿ ಹೊಟ್ಟಿ ಹಿಡ್ಕೊಂಡು ಅಳತಾಳ, ಕೂಸಿಗೆ ದೋಷ ಹತ್ತತೈತಿ ಅಂತ. ಮೋಸ ಮಾಡಿದವರು ಯಾರು ಅಂತ ಕೋರ್ಟಿನ್ಯಾಗ ನಾಲ್ಕು ಮಂದಿ ಮುಂದ ಆಗಬೇಕು. ನಿಮ್ಮ ಯಜಮಾನ್ರು ಆ ಕಾಶೆವ್ವನ ವಕೀಲರು. ಆದರೂ ನಿಮ್ಮನ್ನ ಒಳಗ ಬಿಟ್ಟೇನಿ. ಯಾಕ ಹೇಳ್ರಿ?"

"ಯಾಕ್ರಿ?"

"ಇಷ್ಟು ದಿನದಾಗ ಯಾವ ಗಂಡಸೂ ಡಬ್ಬ್ಯಾಗ ಕೈ ಹಾಕಿಲ್ಲ. ಎಲ್ಲಾರೂ ಚೀಟಿ ಓದಿ ಓದಿ ಹೋಗ್ಯಾರ."

ಶಿವಗಂಗವ್ವನ ಬೆರಳಿಗೆ ತಳ ಸಿಕ್ಕಿತು. ತಳದಲ್ಲಿ ಅವಳು ಹುಡುಕುತ್ತಿದ್ದದ್ದೂ ಸಿಕ್ಕಿತು.

ಈ ಕಡೆ ಬೆಣ್ಣೆ ಕಾಯಿಸುವ ಹೆಂಗಸರು ಇಳಿಸುವ ಮುನ್ನ ಒಂದು ಎಲೆ ಹಾಕುತ್ತಾರೆ. ಎಲೆ ಚಟಚಟ ಎಂದು ಗರಿಗರಿಯಾದರೆ ತುಪ್ಪ ಹದಕ್ಕೆ ಬಂತು ಎಂದು ಅರ್ಥ. ಸೋಸಿದ ಮೇಲೂ ಆ ಎಲೆಯನ್ನು ಪಾತ್ರೆಯ ತಳಕ್ಕೆ ಬಿಡುತ್ತಾರೆ. ಎಲೆ ಇದ್ದರೆ ಅದು ಮನೆಯ ತುಪ್ಪ, ಅಂಗಡಿಯದಲ್ಲ.

ಜಿಡ್ಡಿನ ಮುದ್ದೆಯೊಳಗಿಂದ ಹೊರಬಂದದ್ದು ಕಪ್ಪುಹಸಿರು ಬಣ್ಣದ ಒಂದು ವೀಳ್ಯದೆಲೆ. ಮುಕ್ಕೋನವಾಗಿ ಮಡಚಿತ್ತು. ಮಡಿಕೆ ಬಿಚ್ಚದಂತೆ ಅದರ ನಡುವೆ ಒಂದು ಲವಂಗ ಚುಚ್ಚಿತ್ತು.

"ಅಯ್ಯ, ಇದೇನ್ರಿ, ತುಪ್ಪದಾಗ ವಿಡೇ ಮಾಡಿ ಹಾಕ್ಯಾರ!" ಇಂದ್ರವ್ವ ಮೂಗಿನ ಸೆರಗು ಮರೆತು ಬಗ್ಗಿ ನೋಡಿದಳು. "ನಾವೂ ವೀಳ್ಯದೆಲಿನ ಹಾಕತೀವಿ. ಆದರ ಇಷ್ಟು ಶೃಂಗಾರ ಮಾಡಿ ಅಲ್ಲ."

ಲವಂಗದ ಕಡೆಗೆ ಶಿವಗಂಗವ್ವನ ಗಮನ ಅಷ್ಟು ಹೋಗಲಿಲ್ಲ. ಎಲೆಯ ಕಡೆಗೇ ಹೋಯಿತು.

ಹೋದ ವಾರ ಮಮದಾಪುರದಲ್ಲಿ ಕಾಶೆವ್ವನ ಒಲೆಯ ಮುಂದೆ ಕುಳಿತಿದ್ದಾಗ ಅವಳು ತುಪ್ಪದ ಪಾತ್ರೆಯಲ್ಲಿ ಕಂಡಿದ್ದು ನುಗ್ಗೆಯ ಸೊಪ್ಪು, ನುಗ್ಗೆ ತಪ್ಪಲ. "ವೀಳ್ಯದೆಲಿ ಹಾಕೂದಿಲ್ಲೇನು?" ಎಂದು ಸುಮ್ಮನೆ ಕೇಳಿದ್ದಳು. ಕಾಶೆವ್ವ ಒಲೆಯ ಕಡೆ ನೋಡುತ್ತಲೇ ಹೇಳಿದ್ದಳು: "ಕರಿದ ಎಲಿ ಅವರ ತಿಂತಿದ್ರು. ತುಪ್ಪ ಇಳಿಸೂ ತನಕ ಇಲ್ಲೇ ಹೊಸ್ತಿಲದಾಗ ಕುಂತಿರತಿದ್ರು, ಹುಡುಗರಂಗ. ಅವರು ಹೋದ ಮ್ಯಾಲೆ ಎಲಿ ಹಾಕಿದ್ರ ಯಾರಿಗೆ ಕೊಡ್ಲಿ?"

ಗಂಡ ಸತ್ತ ಮೇಲೆ ಕಾಶೆವ್ವ ಬಳೆ, ಕುಂಕುಮ ಬಿಟ್ಟದ್ದು ಊರಿಗೆಲ್ಲ ಗೊತ್ತು. ತುಪ್ಪದ ಎಲೆ ಬಿಟ್ಟದ್ದು ಅವಳ ಒಲೆಗೆ ಮಾತ್ರ ಗೊತ್ತು. ಕಳ್ಳತುಪ್ಪ ಮಾಡಿದವರು ಎಲ್ಲರ ಮನೆಯಂತೆ ಅವಳ ಮನೆಯಲ್ಲೂ ವೀಳ್ಯದೆಲೆ ಇರುತ್ತದೆ ಎಂದುಕೊಂಡಿದ್ದರು. ಅಲ್ಲೇ ತಪ್ಪಿದ್ದರು.

ಇಂದ್ರವ್ವನ ಎದುರಿನಲ್ಲೇ ಆ ಎಲೆಯನ್ನು ಜಿಡ್ಡಿನ ಸಮೇತ ಒಂದು ಹಿತ್ತಾಳೆ ಭರಣಿಗೆ ಹಾಕಿ ಶಿವಗಂಗವ್ವ ಎದ್ದಳು. "ನೀವು ನೋಡೀರಿ. ಕೇಳಿದ್ರ ಹೇಳಬೇಕಾಗತೈತಿ."

"ಕೋರ್ಟಿನ್ಯಾಗೇನು? ಗಂಡಸರ ನಡುವ ನಿಂತು? ನಮ್ಮ ಯಜಮಾನ್ರು ಕಾಲು ಮುರೀತಾರ," ಎಂದಳು ಇಂದ್ರವ್ವ. ಸ್ವಲ್ಪ ತಡೆದು ಸೇರಿಸಿದಳು: "ಕಾಲು ಮುರದ್ರ ಕುಂತ ಹೇಳತೀನಿ, ಹೋಗ್ರಿ."

*

ಗೋಕಾಕಕ್ಕೆ ಮರಳುವಾಗ ಧುಪದಾಳದ ಒಡ್ಡಿನ ಹತ್ತಿರ ಮೋಟಾರು ಬಸ್ಸು ಕೆಟ್ಟು ನಿಂತಿತು. ಗಂಡಸರು ಇಳಿದು ಬೀಡಿ ಹಚ್ಚಿದರು. ಶಿವಗಂಗವ್ವ ಬಿಸಿಲಲ್ಲಿ ಕಾದ ತಗಡಿನೊಳಗೆ ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಒಡ್ಡಿನ ಮೇಲಿಂದ ಇಳಿಯುವ ನೀರಿಗೆ ಯಾವ ಅಡಚಣೆಯೂ ಇರಲಿಲ್ಲ. ಅದನ್ನು ನೋಡಿ ಅವಳಿಗೆ ಸಿಟ್ಟು ಬಂತು.

ಗೋಕಾಕ ಮುಟ್ಟಿದಾಗ ಊಟದ ಹೊತ್ತು ದಾಟಿತ್ತು. ವಕೀಲ ರಾಜಪ್ಪ ಉಂಡು, ಕೋಟು ಹಾಕಿಕೊಳ್ಳುತ್ತಿದ್ದ. ಹೆಂಡತಿಯ ಮಾತನ್ನು ಅವನು ಪೂರ್ತಿ ಕೇಳಿದ. ಅಷ್ಟು ಮಾತ್ರ ಅವನ ದೊಡ್ಡತನ.

"ಎಲಿ," ಎಂದ. "ನಾಳಿಗೆ ಸಾಹೇಬರ ಮುಂದ ನಿಂತು ನಾ ಏನಂತ ಹೇಳ್ಲಿ? ನುಗ್ಗಿ ತಪ್ಪಲ, ವೀಳ್ಯದೆಲಿ, ಸತ್ತ ಗಂಡ? ಕೋರ್ಟೆಲ್ಲ ನಗತೈತಿ."

"ನಗೂದು ಏನೈತ್ರಿ ಇದರಾಗ?"

"ಚೀಟಿ ಮ್ಯಾಲೆ ಹೆಸರು ಕಾಶೆವ್ವಂದು. ಹೆಸರು ಹಾಕ್ಕೋ ಅಂತ ಒಪ್ಪಿಗಿ ಕೊಟ್ಟಾಕಿ ಆಕಿ. ಡಬ್ಬಿ ಮಾರಿದ ಅಂಗಡಿ ದುಂಡಪ್ಪ ಏನಂತಾನ, ನಾ ಬರೇ ಮಾರಾವ, ಖಾತ್ರಿ ಆಕೀದು ಅಂತಾನ. ಕಾಯದೆ ಆ ಕಡಿ ಐತಿ. ತಪ್ಪೊಪ್ಪಿಗೊಂಡು ಇಂದ್ರವ್ವಗ ಪರಿಹಾರ ಕೊಟ್ಟು ಕೈ ತೊಳಕೊಳ್ಳಲಿ ಅಂತ ಮೊದಲಿಂದ ಹೇಳಾಕತ್ತೇನಿ."

"ತಪ್ಪೊಪ್ಪಿಗೊಂಡ್ರ ಆಕಿ ಆ ಊರಾಗ ಹೆಂಗ ಬದುಕಬೇಕು? ಕೊಬ್ಬು ಬೆರಸಿದಾಕಿ ಅಂತ ಈಗ ಆಕಿ ಮನಿ ಮಜ್ಜಿಗಿ ಸೈತ ಯಾರೂ ಒಯ್ಯವಲ್ಲರು."

"ಅದು ದಾವೇಕ ಸಂಬಂಧ ಇಲ್ಲ," ಎಂದ ರಾಜಪ್ಪ. ಕನ್ನಡಿಯಲ್ಲಿ ರುಮಾಲು ಸರಿಮಾಡಿಕೊಂಡ. "ನೀ ಉಣ್ಣು. ಮುಖ ಬಾಡೈತಿ."

ಅವಳು ಉಣ್ಣಲಿಲ್ಲ. ಮದುವೆಯಾದಾಗಿನಿಂದ ಅವಳು ಕಂಡುಹಿಡಿದದ್ದೆಲ್ಲ ಈ ಮನುಷ್ಯನ ಬಾಯಿಂದಲೇ ಲೋಕಕ್ಕೆ ಹೋಗಿದೆ. ಅವನಿಗೆ ಬೇಕೆನಿಸಿದ್ದು ಅವನ ಜಾಣತನವಾಯಿತು. ಬೇಡವೆನಿಸಿದ್ದು ಇವಳ ಗಂಟಲಲ್ಲೇ ಉಳಿಯಿತು. ಕೋಪವೆಂದರೆ ಕೂಗಾಡುವುದು ಎಂದು ಅವಳು ತಿಳಿದಿದ್ದ ಕಾಲವೊಂದಿತ್ತು. ಈಗ ಗೊತ್ತು: ಅದು ದಿನವೂ ಸ್ವಲ್ಪ ಸ್ವಲ್ಪ ತಳಹಿಡಿಯುವ ಹಾಲು. ಮೇಲೆ ಕೆನೆ ಕಟ್ಟಿರುತ್ತದೆ. ಯಾರಿಗೂ ವಾಸನೆ ಬರುವುದಿಲ್ಲ.

ಅವನು ಕೋರ್ಟಿನ ದಾರಿ ಹಿಡಿದ ಮೇಲೆ ಅವಳು ಭರಣಿ ಎತ್ತಿಕೊಂಡು ನೇರವಾಗಿ ಪೇಟೆಗೆ ನಡೆದಳು.

*

ದುಂಡಪ್ಪನ ಅಂಗಡಿಯ ಮುಂದೆ ಕರದಂಟು ಮಾಡುವವರು ತುಪ್ಪ ಒಯ್ಯಲು ನಿಂತಿದ್ದರು. ದುಂಡಪ್ಪ ಗಾದಿಯ ಮೇಲಿಂದಲೇ ಅವಳನ್ನು ಕಂಡ. ಐವತ್ತರ ಆಸುಪಾಸಿನ, ನಗುಮುಖದ, ಹಣೆ ತುಂಬ ವಿಭೂತಿ ಧರಿಸಿದ ವ್ಯಾಪಾರಿ.

"ಬರ್ರಿ ಅಕ್ಕಾರ, ಬರ್ರಿ! ವಕೀಲರು ಕೋರ್ಟಿಗೆ, ವಕೀಲರ ಮನಿಯವರು ನಮ್ಮ ಅಂಗಡಿಗೆ. ಕೇಸು ಎರಡೂ ಕಡಿ ನಡದಂಗಾತು."

"ಒಂದು ಮಾತು ಕೇಳಾಕ ಬಂದೇನಿ. ಚೀಟಿ ಮ್ಯಾಲಿನ ಹೆಣ್ಣಮಗಳು ಯಾರು?"

"ಯಾರಿಗೆ ಗೊತ್ತರಿ? ಬೆಳಗಾವಿ ಛಾಪಖಾನಿಯವ ತನ್ನ ಹಂತೇಕ ಇದ್ದ ಅಚ್ಚು ಒತ್ತ್ಯಾನ. ಚಂದ ಅದಾಳ, ಇರ್ಲಿ ಅಂದೆ."

"ಹೆಸರು ಕಾಶೆವ್ವಂದು, ಮಾರಿ ಮತ್ತೊಬ್ಬಾಕೀದು. ಒಳಗಿನ ಮಾಲು ಮೂರನೇದವರದು."

ಕರದಂಟಿನವರಲ್ಲೊಬ್ಬ ನಕ್ಕ. ದುಂಡಪ್ಪನೂ ನಕ್ಕ. "ಮಾರಿ ನೋಡಿ ಯಾರು ತುಪ್ಪ ತಿಂತಾರ್ರಿ?"

"ಮಮದಾಪುರದಿಂದ ಗೋಕಾಕಕ್ಕ ಬರಬೇಕಾದ ತುಪ್ಪ ಮೂಡಲಗಿಗೆ ಹೋಗತೈತಂತಲ್ಲ, ಯಾಕ?"

"ಗೋದಾಮು ಅಲ್ಲೈತಿ. ಡಬ್ಬಿ ತುಂಬಿ ಬೆಸುಗಿ ಹಾಕಾವ ಅಲ್ಲದಾನ. ಯಾರಂತೀರಿ? ಮಾಯಪ್ಪ. ಕಾಶೆವ್ವನ ಸ್ವಂತ ಅಳಿಯ. ಅತ್ತಿ ತುಪ್ಪಕ್ಕ ಅಳಿಯನ ಕಾವಲು, ಇದಕ್ಕಿಂತ ಖಾತ್ರಿ ಬೇಕೇನು?" ಅವನು ಹೊಟ್ಟೆ ಸವರಿಕೊಂಡ. "ನಾ ಮೂಡಲಗಿಗೆ ಹೋದಾಗೆಲ್ಲ ಅವನ ಮನಿಯಾಗ ಉಂಡು, ವಿಡೇ ಹಾಕ್ಕೊಂಡ ಬರಾವ. ನನ್ನ ಹೊಟ್ಟಿಗೆ ಏನೂ ಆಗಿಲ್ಲ."

"ಅಂದ್ರ ಮೋಸ ಆಗಿದ್ದು ಮಮದಾಪುರದಾಗ ಅಂತೀರಿ. ಕಾಶೆವ್ವನ ಒಲಿ ಮ್ಯಾಲೆ."

"ನಾ ಅನ್ನೂದಿಲ್ಲ. ಚೀಟಿ ಅಂತೈತಿ."

ಆ ನಗು ಅವಳನ್ನು ಕೆಣಕಿತು. ಮಧ್ಯಾಹ್ನ ಗಂಡನ ಮುಂದೆ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. ಅವಳು ಭರಣಿಯ ಮುಚ್ಚಳ ತೆಗೆದು ಗಾದಿಯ ಅಂಚಿನಲ್ಲಿ ಇಟ್ಟಳು.

"ಇದು ಹುಕ್ಕೇರಿ ಡಬ್ಬಿ ತಳದಾಗ ಸಿಕ್ಕದ್ದು. ವೀಳ್ಯದೆಲಿ. ಕಾಶೆವ್ವ ಗಂಡ ಸತ್ತ ದಿನದಿಂದ ವೀಳ್ಯದೆಲಿ ಹಾಕೂದ ಇಲ್ಲ, ದುಂಡಪ್ಪಾರ. ನುಗ್ಗಿ ತಪ್ಪಲ ಹಾಕತಾಳ. ಈ ತುಪ್ಪ ಆಕಿ ಕಾಯಿಸಿದ್ದಲ್ಲ. ನಿಮ್ಮ ಚೀಟಿ ಸುಳ್ಳು ಹೇಳತೈತಿ. ಡಬ್ಬಿ ಖರೆ ಹೇಳತೈತಿ."

ಕರದಂಟಿನವರು ಕತ್ತು ಚಾಚಿ ನೋಡಿದರು. ಅವಳ ಜೀವಕ್ಕೆ ಎಷ್ಟೋ ದಿನಗಳ ಮೇಲೆ ತಂಪಾಯಿತು.

ದುಂಡಪ್ಪ ಮುಂದೆ ಬಗ್ಗಿದ. ನಕ್ಕು ತಳ್ಳಿಹಾಕುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಅವನು ನಗಲಿಲ್ಲ. ಎಲೆಯನ್ನು ನೋಡಿದ. ಎಲೆಗಿಂತ ಹೆಚ್ಚು ಹೊತ್ತು ಅದಕ್ಕೆ ಚುಚ್ಚಿದ್ದ ಲವಂಗವನ್ನು ನೋಡಿದ. ಅವನ ಮುಖದಲ್ಲಿ ಹೆದರಿಕೆ ಕಾಣಲಿಲ್ಲ. ಕಳೆದುಹೋದ ಸಾಮಾನು ನೆರೆಮನೆಯಲ್ಲಿ ಕಣ್ಣಿಗೆ ಬಿದ್ದವನಂತೆ ಇತ್ತು ಆ ನೋಟ.

"ಎಲ್ಲಾ ಡಬ್ಬ್ಯಾಗೂ ಐತೇನ್ರಿ ಇದು?" ಬಹಳ ಮೆಲ್ಲಗೆ ಕೇಳಿದ.

"ನಾಳೆ ಕೋರ್ಟಿನ ಡಬ್ಬಿ ತೆಗಸಿದ್ರ ಗೊತ್ತಾಗತೈತಿ."

"ಹಂಗಾರ ಒಂದು ಕೆಲಸ ಮಾಡ್ರಿ ಅಕ್ಕಾರ." ಅವನು ತಾನೇ ಮುಚ್ಚಳ ಎತ್ತಿ ಭರಣಿಗೆ ಹಾಕಿ, ಅವಳ ಕಡೆ ಸರಿಸಿದ. "ಈ ಎಲಿ ಸಾಹೇಬರಿಗೆ ತೋರಿಸೂ ಮುಂಚೆ ಕಾಶೆವ್ವಗ ಒಮ್ಮಿ ತೋರಿಸ್ರಿ. ಆಮ್ಯಾಲೂ ನಿಮಗ ಇದು ಬೇಕನಿಸಿದ್ರ, ಧಾರಾಳ ತರ್ರಿ."

ಅವಳು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅವನ ದನಿ ಕೇಳಿಸಿತು. "ಲಗಮಣ್ಣಾ! ಟಾಂಗಾ ಹೂಡೋ. ಲಗೂನ!"

ಅವಳು ಅದಕ್ಕೆ ಬೆಲೆ ಕೊಡಲಿಲ್ಲ.

*

ಮಮದಾಪುರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು, ದನಗಳು ಮನೆಗೆ ಬರುತ್ತಿದ್ದವು. ಕಾಶೆವ್ವನ ಅಂಗಳದಲ್ಲಿ ಹಿಂದೆ ಈ ಹೊತ್ತಿಗೆ ಮಜ್ಜಿಗೆಗೆ ಬರುವ ಹೆಂಗಸರ ಚರಿಗೆಗಳ ಸದ್ದು ಇರುತ್ತಿತ್ತು. ಈಗ ಇಲ್ಲ. ಮಜ್ಜಿಗೆಯ ಹರವಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕಟ್ಟೆಯ ಮೇಲೆ ಕುಳಿತಿತ್ತು.

ಒಳಗೆ ಒಲೆ ಉರಿಯುತ್ತಿತ್ತು. ಬೆಣ್ಣೆ ಕಾಯುತ್ತಿತ್ತು.

"ಯಾರೂ ಒಯ್ಯೂದಿಲ್ಲ, ಮತ್ಯಾಕ ಕಾಯಸಾಕತ್ತೀ ಕಾಶೆವ್ವಾ?"

"ದಾವೆ ಹೂಡ್ಯಾರ ಅಂತ ಎಮ್ಮಿಗೆ ಗೊತ್ತಿಲ್ಲಲ್ರಿ, ಅಕ್ಕಾರ. ಅದು ಹಾಲು ಕೊಡತೈತಿ." ಕಾಶೆವ್ವ ತುಟಿಯಂಚಿನಲ್ಲಿ ನಕ್ಕಳು. ಒಣಗಿದ, ಎತ್ತರದ ಹೆಂಗಸು, ಬರಿಗೈ, ಬರಿಹಣೆ. "ಕುಂದರ್ರಿ. ಒಬ್ಬಾಕಿನ ಅದೇನಿ. ಚಾದ ಮಾಡ್ತೀನಿ. ಕುಡೀತೀರಿ ಹೌದಿಲ್ಲೋ ನಮ್ಮ ಮನ್ಯಾಗ?"

"ಕುಡೀಲಾರದ ಏನು?"

ಆ ಒಂದು ಮಾತಿಗೆ ಕಾಶೆವ್ವನ ಕಣ್ಣು ತುಂಬಿದ್ದನ್ನು ಶಿವಗಂಗವ್ವ ನೋಡಿಯೂ ನೋಡದಂತೆ ಮಾಡಿದಳು. ಹೊಸ್ತಿಲ ಪಕ್ಕದಲ್ಲಿ ಕುಳಿತು ಭರಣಿ ತೆಗೆದಳು.

"ನೀ ಉಳಿದಿ, ಕಾಶೆವ್ವಾ. ಇದು ಹುಕ್ಕೇರಿ ಡಬ್ಬಿದು. ವೀಳ್ಯದೆಲಿ. ಇದು ನಿನ್ನ ಕೈದಲ್ಲ ಅಂತ ನಾಳೆ ಒಂದು ಮಾತು ಹೇಳು ಸಾಕು. ನೀ ನುಗ್ಗಿ ತಪ್ಪಲ ಯಾಕ ಹಾಕತೀ ಅಂತ ಹೇಳು. ನಗೂವರು ನಗಲಿ."

ಕಾಶೆವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಭರಣಿಯೊಳಗೆ ನೋಡಿದಳು.

ಒಲೆಯ ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಮೊದಲು ಅಲ್ಲಿ ಕಂಡದ್ದು ನಗುವಿಗೆ ಹತ್ತಿರವಾದದ್ದು, ಬಹಳ ದಿನಗಳ ಮೇಲೆ ತೌರಿನವರನ್ನು ಕಂಡಂತೆ. ಮರುಗಳಿಗೆ ಅದು ಆರಿಹೋಯಿತು. ಅವಳು ಬೆರಳಿನಿಂದ ಲವಂಗದ ತಲೆಯನ್ನು ಮುಟ್ಟಿ, ಸುಟ್ಟುಕೊಂಡವರಂತೆ ಕೈ ಹಿಂದೆ ತೆಗೆದಳು.

"ಈ ಎಲಿ ನಾನ ಹಾಕೀನ್ರಿ."

ಶಿವಗಂಗವ್ವನಿಗೆ ತಾನು ಕೇಳಿದ್ದು ಸರಿಯೆನಿಸಲಿಲ್ಲ. "ಏನಂದಿ?"

"ನಾನ ಹಾಕೀನಿ. ಕೊಬ್ಬೂ ನಾನ ಬೆರಸೀನಿ. ನಾಳೆ ಸಾಹೇಬರ ಮುಂದ ಅದನ್ನ ಹೇಳತೀನಿ. ವಕೀಲರು ಒಪ್ಪಿಗೋ ಅಂತ ಹೇಳಿದ್ರಲ್ಲ. ಒಪ್ಪಿಗೊಂಡೆ."

"ಸುಳ್ಳು ಹೇಳಬ್ಯಾಡ." ಶಿವಗಂಗವ್ವ ಎದ್ದೇ ನಿಂತಳು. ಒಲೆಯ ಬಳಿ ಹೋಗಿ ಪಾತ್ರೆಯೊಳಗೆ ಸೌಟು ಆಡಿಸಿದಳು. ನೊರೆಯ ನಡುವೆ ಸಣ್ಣ ದುಂಡು ಎಲೆಗಳು ಚಟಚಟ ಎನ್ನುತ್ತ ಸುತ್ತುತ್ತಿದ್ದವು. "ಇದೇನಿದು? ನುಗ್ಗಿ ತಪ್ಪಲ! ಈಗ, ಈ ಹೊತ್ತಿನ್ಯಾಗ! ಮೋಟಾರಿನ್ಯಾಗ ಬೆಂದು, ಮನ್ಯಾಗ ಬೈಸಿಕೊಂಡು, ಪೇಟ್ಯಾಗ ಗಂಡಸರ ನಡುವ ನಿಂತು ನಾ ನಿನ್ನ ಮಾನ ಉಳಿಸಾಕ ಬಂದ್ರ, ನೀನ ಅದನ್ನ ಒಯ್ದು ತಿಪ್ಪಿಗೆ ಚೆಲ್ಲತೀಯಲ್ಲ! ಯಾರ ಸಲುವಾಗಿ?"

"ಮಾನ ನಂದರಿ. ಚೆಲ್ಲಾಕ ನಿಮ್ಮನ್ನ ಕೇಳಬೇಕೇನು?"

ಕಾಶೆವ್ವನ ದನಿಯಲ್ಲಿ ಒರಟುತನ ಇತ್ತು. ಅವಳ ಕೈ ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ಶಿವಗಂಗವ್ವ ನೋಡಿದಳು. ಒಳಕೋಣೆಯ ಬಾಗಿಲ ಚೌಕಟ್ಟಿಗೆ. ಯಾರೋ ಹೊರಗೆ ಬರದಂತೆ ತಡೆಯುವ ಹಾಗೆ.

ಒಳಗೆ ಬಳೆಗಳ ಸದ್ದಾಯಿತು.

ಬರಿಗೈಯ ಹೆಂಗಸು ಒಬ್ಬಳೇ ಇರುವ ಮನೆ.

"ಬಿಡಬೇ ಯವ್ವಾ," ಎಂದಿತು ಒಳಗಿನ ದನಿ.

ಕಾಶೆವ್ವನ ತೋಳನ್ನು ಸರಿಸಿ ಹೊರಗೆ ಬಂದವಳು ಅಲ್ಲವ್ವ, ಮೂಡಲಗಿಗೆ ಕೊಟ್ಟ ಮಗಳು, ಮಾಯಪ್ಪನ ಹೆಂಡತಿ. ಇಪ್ಪತ್ತೆರಡರ ಹುಡುಗಿಯ ಮುಖದಲ್ಲಿ ನಿದ್ದೆಗೆಟ್ಟ ಕಪ್ಪು. ಅವಳು ನೆಲದ ಮೇಲೆ ಕುಳಿತು ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಪ್ಪಗ ಹಿಂಗ ಮಾಡಿಕೊಡತಿದ್ದೆನ್ರಿ," ಎಂದಳು. "ತುಪ್ಪದಾಗ ಬಿಡೂ ಮುಂಚೆ ಎಲಿ ಮಡಚಿ ಲವಂಗ ಚುಚ್ಚತಿದ್ದೆ. ಅವ್ವ ಬೈತಿದ್ಲು, ಲವಂಗ ಹಾಳು ಮಾಡ್ತಿ ಅಂತ. ಈ ಮನಿ ಬಿಟ್ರ ಈ ಎಲಿ ಮತ್ತ ಯಾರಿಗೂ ಗೊತ್ತಿಲ್ಲ. ಅದಕ್ಕ ಹಾಕಿದೆ."

"ಅದಕ್ಕ ಅಂದ್ರ?"

"ಅವ್ವನ ಹೆಸರಿನ ಡಬ್ಬ್ಯಾಗ ಎಂಥಾದ್ದು ಕಾಯಿಸಿ ತುಂಬಾಕ ಹಚ್ಯಾರ ಅಂತ ನಾ ಯಾರಿಗೆ ಹೇಳ್ಲಿರಿ? ಬಾಯಿ ಬಿಟ್ರ ಕೊಲ್ಲತೀನಿ ಅಂದಾರ. ಕಾಯಿಸೂದು ನನ್ನ ಕೈಯಾಗ ಇತ್ತು. ಎಲಿ ಹಾಕೂದೂ ನನ್ನ ಕೈಯಾಗ ಇತ್ತು. ಅವ್ವ ಎಲ್ಲೆರೆ ಒಂದ ಡಬ್ಬಿ ತೆಗದು ನೋಡಿದ್ರೂ ಸಾಕಾಗಿತ್ತು. ಗುರುತು ಹಿಡದು ಬರತಿದ್ಲು." ಅವಳು ತಾಯಿಯ ಕಡೆ ನೋಡಲಿಲ್ಲ. "ಮನ್ಯಾಗ ತುಪ್ಪ ಇದ್ದಾಕಿ ಡಬ್ಬಿ ತುಪ್ಪ ಯಾಕ ಕೊಳ್ಳತಾಳ? ಅದು ನನಗ ಹೊಳೀಲಿಲ್ಲ."

ಕಾಶೆವ್ವ ಗೋಡೆಗೆ ಒರಗಿ ಹಾಗೆಯೇ ಕುಸಿದಳು. ಒಲೆಯ ಮೇಲಿನ ತುಪ್ಪ ಹದ ಮೀರಿ ಸೀಯತೊಡಗಿತು. ಯಾರೂ ಇಳಿಸಲಿಲ್ಲ.

"ಕೊಲ್ಲತೀನಿ ಅಂದವರು ಯಾರು? ಮಾಯಪ್ಪನೇನು? ದುಂಡಪ್ಪನೇನು?" ಶಿವಗಂಗವ್ವ ಕೇಳಿದಳು.

ಅಲ್ಲವ್ವ ಕೊರಳ ತಾಳಿಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. "ಬೆಳಿಗ್ಗೆ ಅವ್ವಗ ಹುಷಾರಿಲ್ಲ ಅಂತ ಸುಳ್ಳು ಹೇಳಿ ಬಂದೇನಿ. ಹಾಲು ಕುಡ್ಯಾ ಕೂಸಿನ್ನ ಸೈತ ಕೊಡಲಿಲ್ಲ ಅವರು, ನೀ ತಿರುಗಿ ಬರೂ ತನಕ ಇಲ್ಲೇ ಇರಲಿ ಅಂದ್ರು. ಗೋದಾಮಿನ್ಯಾಗ ಇನ್ನೂ ಡಬ್ಬಿ ಅದಾವು. ಎಲ್ಲಾದರಾಗೂ ಈ ಎಲಿ ಐತಿ." ಈಗ ಅವಳು ತಲೆಯೆತ್ತಿದಳು. "ಅಕ್ಕಾರ, ಇದನ್ನ ನೀವು ಅವ್ವಗ ಒಬ್ಬಾಕಿಗೆ ತೋರಿಸೀರಿ, ಹೌದಿಲ್ಲೋ?"

ಶಿವಗಂಗವ್ವನಿಗೆ ಎಲೆಗಿಂತ ಹೆಚ್ಚು ಹೊತ್ತು ಲವಂಗವನ್ನು ನೋಡಿದ ದುಂಡಪ್ಪನ ಕಣ್ಣುಗಳು ನೆನಪಾದವು. ಮಾಯಪ್ಪನ ಮನೆಯಲ್ಲಿ ಉಂಡು, ಈ ಹುಡುಗಿ ಮಡಚಿಕೊಟ್ಟ ವಿಡೇ ಹಾಕಿಕೊಂಡು ಬರುವ ಮನುಷ್ಯ. ಲಗೂನ ಟಾಂಗಾ ಹೂಡಲು ಹೇಳಿದ ದನಿ. ಗೋಕಾಕದಿಂದ ಮೂಡಲಗಿಗೆ ಆ ಟಾಂಗಾ ಇಷ್ಟು ಹೊತ್ತಿಗೆ ಮುಟ್ಟಿರಬೇಕು.

"ಹೇಳ್ರಿ ಅಕ್ಕಾರ," ಎಂದಳು ಅಲ್ಲವ್ವ. "ನನ್ನ ಕೂಸು ಅಲ್ಲೈತಿ."